ಇಂಕಾ ಪೆಟ್ಟಲೇದು

ಹಿಂದೂಪುರ
14–9–2025

ಇಂದ್ರಾಣಿಗೆ,

ನಿನ್ನ ಗಂಡ ಚೌಡೇಶ ಬರೆಯುವುದು. ಎಂಟು ತಿಂಗಳಿಂದ ಫೋನ್ ಎತ್ತದವಳು ಕಾಗದವನ್ನಾದರೂ ಓದುತ್ತೀ, ನನಗೆ ಗೊತ್ತು. ಎಷ್ಟೇ ಇದ್ದರೂ ಮುನಿಸು, ನಿನ್ನದು ದೊಡ್ಡ ಮನಸು. ಪ್ರಾಸ ನನ್ನ ಬಿ.ಎ. ಕಾಲದ ಕಾಯಿಲೆ, ನಿಮ್ಮ ಆಸ್ಪತ್ರೆಯಲ್ಲೂ ಮದ್ದಿಲ್ಲ.

ಆಸ್ಪತ್ರೆಗೆ ಐವತ್ತು ತುಂಬಿತಲ್ಲ, ಕನ್ನಡದಲ್ಲಿ ಚರಿತ್ರೆ ಬರೆದುಕೊಡಿ ಎಂದು ಸಿಸ್ಟರ್‌ಗಳು ನನ್ನನ್ನು ಕರೆದರು. ನರ್ಸಮ್ಮನ ಗಂಡ, ಪುಕ್ಕಟೆಗೆ ಸಿಗುವ ಭಂಡ ಎಂದುಕೊಂಡಿರಬೇಕು. ಕೇರಳದಿಂದ ಮೂವರು ಸಿಸ್ಟರ್‌ಗಳು ಒಂದು ತಗಡಿನ ಪೆಟ್ಟಿಗೆ ಹಿಡಿದು ಇಳಿದಾಗ ಬಾಡಿಗೆಗೆ ಸಿಕ್ಕಿದ್ದು ನಮ್ಮ ನೇಕಾರರದೇ ಒಂದು ಹಾಳು ಮಗ್ಗದ ಮನೆಯಂತೆ. ನೇಯುವವರು ಕಾಲು ಇಳಿಬಿಡುವ ಗುಂಡಿ ಮುಚ್ಚಿ, ಮಗ್ಗವಿದ್ದಲ್ಲಿ ಮಂಚ ಹಾಕಿದರು. ಲಾಳಿ ಆಡಿದಲ್ಲಿ ಲಾಂದ್ರ ತೂಗಿತು. ಸೀಮೆಎಣ್ಣೆ ಸ್ಟವ್ ಮೇಲೆ ಕತ್ತರಿ ಕುದಿಸಿ ಹೆರಿಗೆ ಮಾಡಿಸಿದರು.

ಹಳೆಯ ಹೆರಿಗೆ ರಿಜಿಸ್ಟರ್ ತೆರೆದೆ. ಮಗುವಿನ ಹೆಸರಿನ ಕಾಲಮ್ಮಿನಲ್ಲಿ ಪುಟಪುಟಕ್ಕೂ ‘ಇಂಕಾ ಪೆಟ್ಟಲೇದು’. ಬರೆಯುತ್ತಿದ್ದ ಸಿಸ್ಟರ್ ಆಗಷ್ಟೇ ಬಂದವರು, ಮಲಯಾಳ ಬಿಟ್ಟು ಬೇರೆ ಬಾರದು. ‘ಪೇರು?’ ಎಂದಿದ್ದಾರೆ; ಹೆಸರಿಗೆ ಮಲಯಾಳದಲ್ಲೂ ತೆಲುಗಿನಲ್ಲೂ ಅದೇ ಮಾತು. ನಾಮಕರಣಕ್ಕೆ ಮೊದಲು ಯಾವ ತಾಯಿ ಹೆಸರು ಹೇಳುತ್ತಾಳೆ? ಇನ್ನೂ ಇಟ್ಟಿಲ್ಲ ಎಂದು ಊರ ಮಾತಾದ ತೆಲುಗಿನಲ್ಲಿ ಅಂದದ್ದನ್ನೇ ಹೆಸರೆಂದು ಬರೆದುಕೊಂಡಿದ್ದಾರೆ. ಇಪ್ಪತ್ತಮೂರು ಮಕ್ಕಳು, ಒಂದೇ ಹೆಸರು! ನಗುತ್ತ ಓದುತ್ತಿದ್ದವನು ಒಂದು ಕಡೆ ನಿಂತೆ. ಗಂಡು ಮಗು. ತಾಯಿ ಪೆದ್ದಮ್ಮ, ತಂದೆ ಓಬಳೇಶಪ್ಪ, ಕಸುಬು ನೇಯ್ಗೆ. ನನ್ನ ಅಪ್ಪ ಅಮ್ಮನದೇ ಹೆಸರು, ತಾರೀಖು ನಾನು ಹುಟ್ಟಿದ ದಿನ.

ನಾನು ಪರಿಗಿಯ ಅಜ್ಜಿ ಮನೆಯಲ್ಲಿ ಹುಟ್ಟಿದವನೆಂದು ಅಮ್ಮ ಇಷ್ಟು ವರ್ಷ ಹೇಳಿದ್ದಳು. ಡ್ಯೂಟಿಯಿಂದ ಬಂದ ನಿನ್ನನ್ನು “ಹೆರಿಗೆ ಮುಟ್ಟಿದ ಕೈ, ಮಗ್ಗ ಮುಟ್ಬ್ಯಾಡ” ಎಂದು ಹಿತ್ತಲಲ್ಲೇ ನಿಲ್ಲಿಸುತ್ತಿದ್ದವಳೂ, “ನಮ್ಮನೆ ಹೆಣ್ಮಕ್ಳು ಆ ಆಸ್ಪತ್ರೆ ಮೆಟ್ಲೇ ಹತ್ತಿಲ್ಲ ಕಣಮ್ಮ” ಎಂದು ಚುಚ್ಚುತ್ತಿದ್ದವಳೂ ಅದೇ ಅಮ್ಮ.

ಮನೆಗೆ ಬಂದು ಓದಿ ಹೇಳಿದೆ. ಅಮ್ಮ ರಾಟೆ ನಿಲ್ಲಿಸಿದಳು. “ಹೂ ಕಣ್ಲಾ, ಹೋಗಿದ್ದೆ. ಮೂರು ದಿನ ನೋವು ತಿಂದ್ರೂ ನೀನು ಹೊರಕ್ಕೆ ಬರ್ಲಿಲ್ಲ, ಆವಾಗ್ಲೂ ಸೋಮಾರಿ. ನಿಮ್ಮಪ್ಪ ಪರಿಗಿಯಿಂದ ಗಾಡೀಲಿ ಹಾಕ್ಕೊಂಡು ಬಂದ್ಬುಟ್ಟ. ಆ ಸಿಸ್ಟರಮ್ಮ ಇಲ್ದಿದ್ರೆ ಇಬ್ರೂ ಮಣ್ಣಾಗ್ತಿದ್ವಿ. ನಮ್ಮತ್ತೆಗೆ ತಿಳಿದ್ರೆ ಒಳಕ್ಕೆ ಸೇರಿಸ್ತಿರ್ಲಿಲ್ಲ, ಪರಿಗೀಲಿ ಆಯ್ತು ಅಂದ್ಬುಟ್ವಿ.” ಆಮೇಲೆ ನನ್ನ ಮೇಲೇ ತಿರುಗಿದಳು: “ನಾನು ಅವಳ್ನ ಅಂದೆ, ಸರಿ. ನಿನ್ ಬಾಯ್ಗೇನಾಗಿತ್ಲಾ?”

ಅದಕ್ಕೆ ನನ್ನಲ್ಲಿ ಪ್ರಾಸವಿಲ್ಲ. ನೀನು ಹಿತ್ತಲಲ್ಲಿ ನಿಂತಿದ್ದಾಗ ನಾನು ಒಳಗೆ ಪೇಪರ್ ಓದುತ್ತಿದ್ದೆ. ಕೇಳಿಸಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು. ಒಂದೊಂದು ಮಾತೂ ಕೇಳಿಸುತ್ತಿತ್ತು. ನೀನು ಆಸ್ಪತ್ರೆಯ ಕಲ್ಯಾಣದುರ್ಗದ ಶಾಖೆಗೆ ವರ್ಗ ಬರೆಸಿಕೊಂಡು ಹೋದದ್ದು ಅಮ್ಮನ ಬಾಯಿಗೆ ಹೆದರಿ ಅಲ್ಲ, ನನ್ನ ಮೌನಕ್ಕೆ ಬೇಸತ್ತು. ತಪ್ಪು ನನ್ನದು. ಬಾ ಇಂದ್ರಾಣಿ. ಇನ್ನು ಮುಂಬಾಗಿಲಿಂದಲೇ ಬರುತ್ತೀ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ನಿನ್ನವನೇ ಆದ,
ಚೌಡೇಶ

ತಾ.ಕ.: ಕವರಿಗೆ ಸ್ಟ್ಯಾಂಪಿಲ್ಲ, ನೋಡಿರುತ್ತೀ. ವಾಚ್‌ಮನ್ ಕೈಯಲ್ಲಿ ಇದನ್ನು ಒಳಗೆ ಕಳಿಸಿದ್ದು ಅಮ್ಮ. “ನಾನೂ ಬತ್ತೀನಿ” ಎಂದು ನಾನು ಅಂದದ್ದಕ್ಕೆ “ನೀನು ಬ್ಯಾಡ, ಕೆಡಿಸ್ತೀಯ” ಎಂದು ಒಬ್ಬಳೇ ಬಸ್ ಹತ್ತಲು ಹೊರಟಿದ್ದಾಳೆ. ನೀನು ಓದುವಾಗ ನಿಮ್ಮ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿರುತ್ತಾಳೆ. ಏನೋ ಹೇಳುವುದಿದೆಯಂತೆ, ನಿನ್ನೆಯಿಂದ ಬಾಯಿಪಾಠ ಮಾಡುತ್ತಿದ್ದಾಳೆ. ಪೂರ್ತಿ ಹೇಳಲು ಬಿಡು.