ಬಿಸಿನೀರಿನ ಬೋಗುಣಿ

ಅಮ್ಮಾ,

ನೀನು ಸತ್ತ ಮೇಲೆ ನಿನಗೊಂದು ಸುದ್ದಿ ಹೇಳಬೇಕೆನಿಸಿದ್ದು ಇದೇ ಮೊದಲು. ನನ್ನ ನೋವಿಗೆ ಇವತ್ತು ಹೆಸರು ಸಿಕ್ಕಿತು. ನೀನು ಇಟ್ಟಿದ್ದು ಮೈಗಳ್ಳತನ ಅಂತ. ಹೊಸ ಡಾಕ್ಟರಮ್ಮ ಸಂಧಿವಾತ ಅಂದರು. ರಕ್ತಪರೀಕ್ಷೆಗೆ ಸಿಕ್ಕಿಬೀಳದ ಬಗೆಯದಂತೆ.

ಹಿಂದಿನ ಡಾಕ್ಟರು ರಿಪೋರ್ಟು ನೋಡಿ, "ಮದುವೆ ಮಾಡಿ, ಎಲ್ಲಾ ಸರಿಹೋಗುತ್ತೆ" ಎಂದು ನಕ್ಕಾಗ ನೀನೂ ಜೊತೆಗೂಡಿ ನಕ್ಕಿದ್ದೆಯಲ್ಲ. ಇವತ್ತಿನ ಡಾಕ್ಟರಮ್ಮ ರಿಪೋರ್ಟನ್ನು ಪಕ್ಕಕ್ಕಿಟ್ಟು ನನ್ನ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದರು. ಜೀವ ಹೋದಂತಾಗಿ ಕುರ್ಚಿಯಿಂದ ಎದ್ದುಬಿಟ್ಟೆ.

"ಬೆಳಿಗ್ಗೆ ಬೆರಳು ಮಡಚೋಕೇ ಆಗಲ್ವಾ? ಬಿಸಿನೀರಲ್ಲಿ ಅದ್ದಿದ್ರೆ ಸಡಿಲ ಆಗುತ್ತಾ?" ಎಂದು ಕೇಳಿದರು.

ಆಗ ನಿನ್ನ ಬೋಗುಣಿ ನೆನಪಾಯಿತು. ದಿನಾ ಹೊಲಿಗೆಗೆ ಕೂರುವ ಮುಂಚೆ ನೀನು ಹಬೆಯಾಡುವ ನೀರಿಗೆ ಎರಡೂ ಕೈ ಇಳಿಸಿ, ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ. ಯಾಕಮ್ಮಾ ಎಂದರೆ, "ಗಿರಾಕಿ ಬಟ್ಟೆಗೆ ಕೊಳೆ ತಾಗಬಾರದು ಕಣೇ" ಅನ್ನುತ್ತಿದ್ದೆ. ಅದೇ ಕೈಯಿಂದ ನನ್ನ ಹೊದಿಕೆ ಕಿತ್ತೆಸೆದು, "ಏಳೇ, ಸಾಕು ನಿನ್ನ ನಾಟಕ" ಎಂದು ಬೆನ್ನಿಗೆ ಗುದ್ದುತ್ತಿದ್ದೆ. ಆ ಗುದ್ದು ನನಗಿಂತ ನಿನಗೇ ಹೆಚ್ಚು ನೋಯುತ್ತಿತ್ತೆಂದು ಇವತ್ತು ಗೊತ್ತಾಯಿತು. ಒಳ್ಳೆಯದೇ ಆಯಿತು.

"ಇದು ವಂಶದಲ್ಲಿ ಬರೋದುಂಟು. ನಿಮ್ಮ ತಾಯಿಗೂ ಇತ್ತಾ?" ಡಾಕ್ಟರಮ್ಮ ಪೆನ್ನು ಹಿಡಿದು ಕಾದರು.

"ಇಲ್ಲ ಮೇಡಂ," ಅಂದೆ. "ಅವಳದು ಬರೀ ನಾಟಕ."