ಹಾಲಮ್ಮನ ಮೊಳ, ಬೆಳಕಿನ ಓಟ

೨೭ ಜುಲೈ ೧೯೯೮, ಸೋಮವಾರ

ಆಫೀಸು ಮುಗಿಸಿ ಭದ್ರಾವತಿಯಿಂದ ಬಸ್ಸಿನಲ್ಲಿ ಊರಿಗೆ ವಾಪಸು. ಊರ ಅಂಚಿನ ಮಲವಗೊಪ್ಪ ದಾಟಿದ್ದೇ ಇಡೀ ಬಸ್ಸು ಎದ್ದು ನಿಂತಿತು. ಸ್ಟ್ಯಾಂಡ್ ಇನ್ನೂ ದೂರ. ಆದರೂ ಎಲ್ಲರೂ ಮುಂಬಾಗಿಲ ಕಡೆಗೆ. ನಾನೂ ನಡೆದೆ. ಬಸ್ಸಿನ ವೇಗಕ್ಕೆ ನನ್ನ ನಡಿಗೆಯನ್ನೂ ಕೂಡಿಸಿ ಬೇಗ ಬಂದೆನೆಂಬ ತೃಪ್ತಿ.

ಮನೆಯಲ್ಲಿ ಮಗಳು ಸುಮನಾ, ಪಿಯುಸಿ, ಪ್ರಶ್ನೆ ಹಿಡಿದು ಕಾದಿದ್ದಳು.

"ಅಪ್ಪ, ಒಂದು ಬಸ್ಸು ಬೆಳಕಿನ ಅರ್ಧ ವೇಗದಲ್ಲಿ ಓಡ್ತಿದೆ. ಒಳಗೆ ಒಬ್ಬ ಬೆಳಕಿನ ಅರ್ಧ ವೇಗದಲ್ಲಿ ಮುಂದಕ್ಕೆ ಓಡ್ತಾನೆ. ರಸ್ತೇಲಿ ನಿಂತೋರಿಗೆ ಅವನ ವೇಗ ಎಷ್ಟು?"

ಅರ್ಧಕ್ಕೆ ಅರ್ಧ ಸೇರಿದರೆ ಒಂದು. ಇದಕ್ಕೆ ಪುಸ್ತಕ ಬೇಕೆ? "ಬೆಳಕಿನಷ್ಟೇ" ಎಂದು ತೀರ್ಪು ಕೊಟ್ಟು ಕಾಫಿ ಕುಡಿದೆ.

೨೯ ಜುಲೈ

ನಿನ್ನೆ ಸುಮನಾಳ ಉತ್ತರಕ್ಕೆ ಕ್ಲಾಸೆಲ್ಲ ನಕ್ಕಿತಂತೆ. "ಯಾರಮ್ಮ ಹೇಳಿದ್ದು?" ಎಂದರಂತೆ ಲೆಕ್ಚರರ್. "ನಮ್ಮಪ್ಪ." ಸರಿಯುತ್ತರ: ಬೆಳಕಿನ ವೇಗದ ಐದರಲ್ಲಿ ನಾಲ್ಕು ಪಾಲು ಮಾತ್ರ.

ಅಂದಿನಿಂದ ನನ್ನನ್ನು ಏನೂ ಕೇಳುತ್ತಿಲ್ಲ. ಇಂದು ಕನ್ನಡ ಪದವೊಂದರ ಅರ್ಥಕ್ಕೆ ಎದುರುಮನೆಯ ಜ್ಞಾನೇಶನ ಬಳಿ ಹೋದಳು. ಅವನದು ಗೊಬ್ಬರದ ಅಂಗಡಿ. ವಾರವಾರ ಪತ್ರಿಕೆಗೆ ಹಾಸ್ಯ ಬರೆಯುವ ಅಪ್ಪ ನಾನು ಇಲ್ಲೇ ಕೂತಿದ್ದೆ... ಇದು ಹಾಸ್ಯವಲ್ಲ.

೨ ಆಗಸ್ಟ್, ಭಾನುವಾರ

ಲೈಬ್ರರಿ ಪುಸ್ತಕ. ಮೂರನೇ ಪುಟದಲ್ಲಿ ನಿದ್ದೆ. ಎದ್ದು ತಿಳಿದದ್ದು: ಬಸ್ಸು ಎಷ್ಟೇ ಓಡಲಿ, ಹೆಡ್‌ಲೈಟಿನ ಬೆಳಕಿಗೆ ಹೆಚ್ಚಿನ ವೇಗ ಬರುವುದಿಲ್ಲ. ಬಸ್ಸಿನವರು ಅಳೆದರೂ ಅಷ್ಟೇ, ರಸ್ತೆಯವರು ಅಳೆದರೂ ಅಷ್ಟೇ. ಆದರೆ ವೇಗಗಳು ಯಾಕೆ ಸುಮ್ಮನೆ ಕೂಡುವುದಿಲ್ಲ? ಅದಕ್ಕೊಂದು ಸೂತ್ರವಿದೆ. ಸೂತ್ರಕ್ಕೆ ಕೈಮುಗಿದು ಪುಸ್ತಕ ಮುಚ್ಚಿದೆ.

೬ ಆಗಸ್ಟ್, ಗುರುವಾರ, ಸಂಜೆ

ನಾಳೆ ವರಮಹಾಲಕ್ಷ್ಮಿ. ನಾಲ್ಕು ಮೊಳ ಹೂವು ತರಬೇಕಿತ್ತು. ಭದ್ರಾವತಿಯಲ್ಲಿ ಎರಡು, ರವೀಂದ್ರನಗರದ ತಿರುವಿನಲ್ಲಿ ಹೂ ಮಾರುವ ಹಾಲಮ್ಮನ ಬಳಿ ಎರಡು. ಹೆಂಡತಿ ತನ್ನ ಮೊಳಕೈಯಲ್ಲಿ ಅಳೆದಳು.

"ನಾಲ್ಕು ಎಲ್ಲಿದೆ ಮಾರಾಯ್ರೆ? ಮೂರೂಕಾಲು."

ಮತ್ತೆ ತಿರುವಿಗೆ ಹೋಗಿ ಹಾಲಮ್ಮನ ಮುಂದೆ ನನ್ನ ದೂರು. ಆಕೆಯೋ ಗಿಡ್ಡ ಹೆಂಗಸು.

"ನನ್ ಕೈಗೆ ಎರಡೇ ಮೊಳ ಅಣ್ಣ. ಅಮ್ಮೋರ ಕೈ ಉದ್ದ ಇದ್ರೆ ನಾನೇನ್ ಮಾಡ್ಲಿ?"

ಅಲ್ಲೇ ನಿಂತುಬಿಟ್ಟೆ. ಹಿಂದಿನ ಸ್ಕೂಟರಿನವನು ಬೈದ. ಬೈಯಲಿ.

ಬಸ್ಸಿನ ವೇಗ ಅಳೆದದ್ದು ರಸ್ತೆಯವರು. ಒಳಗೆ ಓಡುವವನ ವೇಗ ಅಳೆದದ್ದು ಬಸ್ಸಿನವರು— ಬಸ್ಸಿನ ಮೊಳ, ಬಸ್ಸಿನ ಗಡಿಯಾರ. ಪುಸ್ತಕ ಹೇಳಿದಂತೆ, ಅಷ್ಟು ಜೋರಾಗಿ ಓಡುವ ಬಸ್ಸಿನ ಮೊಳ ರಸ್ತೆಯವರ ಲೆಕ್ಕಕ್ಕೆ ಗಿಡ್ಡ, ಗಡಿಯಾರ ನಿಧಾನ. ನಾನು ಕೂಡಿಸಿದ್ದು ಎರಡು ಬೇರೆ ಕೈಗಳ ಮೊಳ! ನಮ್ಮ ಭದ್ರಾವತಿ ಬಸ್ಸಿನಲ್ಲೂ ಈ ವ್ಯತ್ಯಾಸವಿದೆಯಂತೆ, ಗೊತ್ತೇ ಆಗದಷ್ಟು ಸಣ್ಣದು. ಅದಕ್ಕೇ ಇಷ್ಟು ವರ್ಷ ಮೋಸಹೋದೆ.

ಇನ್ನೊಂದು ಮೊಳ ಕೊಂಡೆ.

೭ ಆಗಸ್ಟ್, ಪೂಜೆಯ ನಂತರ

ಹಾಲ್‌ನಲ್ಲಿ ಓದುತ್ತಿದ್ದ ಸುಮನಾಳಿಗೆ ಕೇಳಿಸಲೆಂದು ಅಡುಗೆಮನೆಯಲ್ಲಿ ಹೆಂಡತಿಗೆ ಗಟ್ಟಿಯಾಗಿ ವಿವರಿಸಿದೆ.

"ಹೂವು ಕಮ್ಮಿ ತಂದಿದ್ದಕ್ಕೆ ಇಷ್ಟು ದೊಡ್ಡ ಕಥೆ ಬೇಕಿತ್ತೇನ್ರೀ?" ಎಂದಳು.

ಹಾಲ್‌ನಲ್ಲಿ ಪುಟ ತಿರುಗುವ ಸದ್ದು ನಿಂತಿತು.

ಅದೇ ದಿನ, ಸಂಜೆ

ಬಾಗಿಲಲ್ಲಿ ಸುಮನಾ.

"ಅಪ್ಪ, ರಸ್ತೆಯೋರಿಗೆ ಬಸ್ಸಿನ ಮೊಳ ಗಿಡ್ಡ. ಹಾಗಾದ್ರೆ ಬಸ್ಸಿನೋರಿಗೆ ರಸ್ತೆ ಮೊಳ?"

'ಉದ್ದ' ಎಂಬ ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ನಾಲಿಗೆ ಕಚ್ಚಿಕೊಂಡೆ.

"ಗೊತ್ತಿಲ್ಲ ಮಗಳೇ."

ಹೋಗಲಿಲ್ಲ. ಕುರ್ಚಿ ಎಳೆದು ಕೂತಳು. "ಅದೂ ಗಿಡ್ಡಾನೇ ಅಂತೆ."

"ಇಬ್ಬರಿಗೂ ಇನ್ನೊಬ್ಬರದ್ದು ಗಿಡ್ಡವಾ? ಅದು ಹೆಂಗೆ?"

"ನಂಗೂ ಗೊತ್ತಿಲ್ಲ. ನೀನು ಬರ್ಕೊಳ್ಳೋದು ನಿಲ್ಸಿ ಆ ಲೈಬ್ರರಿ ಪುಸ್ತಕ ತೆಗಿ."

ತೆಗೆಯುತ್ತಿದ್ದೇನೆ. ಇವಳು ಬಗ್ಗಿ ಈ ಪುಟ ಓದುವ ಮೊದಲು ಡೈರಿ ಮುಚ್ಚಬೇಕು—