ಅಂಟು ಹಾಕಿದ ಉಂಗುರ

ಇಳಕಲ್ಲು
ಕ್ರಿ.ಶ. ೨೧೭೯, ನಿಜ ಶ್ರಾವಣದ ಹನ್ನೊಂದನೆಯ ದಿನ

ಸುಧೀಂದ್ರ ಅವರೇ,

ನಿಮಗಿಂತ ನೂರೈವತ್ತು ವರ್ಷ ಆಚೆಯಿಂದ ಬರೆಯುತ್ತಿದ್ದೇನೆ. ಕೆಲವು ಮಾತು ವಿಚಿತ್ರ ಅನ್ನಿಸಿದರೆ ಅಷ್ಟಕ್ಕೆ ಮಾತ್ರ ಕ್ಷಮೆ ಇರಲಿ; ಈ ಕಾಗದದಲ್ಲಿರುವ ಸಿಟ್ಟಿಗೆ ಕ್ಷಮೆ ಕೇಳುವವಳಲ್ಲ. ಕಾಗದ ನಿಮ್ಮ ಕೈಸೇರದೆಂದು ಬಲ್ಲೆ. ಆದರೂ ಬೈಯಬೇಕಾದವರ ಹೆಸರು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಾನು ನಿಂಗವ್ವ ಗುಡೂರ. ಹಳೆಯ ಲೆನ್ಸ್ ಬಿಚ್ಚಿ, ಬೂಷ್ಟು ಒರೆಸಿ, ಈಗಿನ ಕ್ಯಾಮೆರಾಕ್ಕೆ ಕೂರಿಸುವುದು ನನ್ನ ಕಸುಬು. ನಮ್ಮ ಕಾಲದ ಲೆನ್ಸ್‌ಗಳಿಗೆ ಊಹೆಗಣ್ಣು ಎನ್ನುತ್ತೇವೆ. ಅವು ಕಂಡದ್ದನ್ನು ಕಂಡ ಹಾಗೆ ತೋರಿಸುವುದಿಲ್ಲ. ಗೋಡೆ ಹೇಗಿರಬೇಕೆಂದು ಊಹಿಸಿ, ಬಿರುಕಿದ್ದರೆ ತಾವೇ ಅಳಿಸಿ ನಯ ಮಾಡಿಬಿಡುತ್ತವೆ. ಅದಕ್ಕೇ ತನಿಖೆಯವರು ಕೈಯಿಂದ ತಿರುಗಿಸುವ ಹಳೆಯ ಲೆನ್ಸಿನ ಚಿತ್ರವನ್ನಷ್ಟೇ ನಂಬುತ್ತಾರೆ. ಅದನ್ನು ಸಾಕ್ಷಿಗಾಜು ಎಂದು ಕರೆಯುತ್ತೇವೆ. ನಮ್ಮ ತಾಲ್ಲೂಕಿಗೆ ಇದ್ದದ್ದು ಒಂದೇ. ಅದು ಒಂದು ಕಾಲಕ್ಕೆ ನಿಮ್ಮದು.

ನನ್ನ ತಮ್ಮ ಹುಚ್ಚೀರಪ್ಪ ಇಲ್ಲಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಕಲ್ಲು ಸೀಳುತ್ತಿದ್ದ. ಕ್ವಾರಿಯ ಗೋಡೆ ನೆತ್ತಿಯಲ್ಲಿ ಬಿರುಕು ಬಿಟ್ಟಿತ್ತು. ಮಾಲೀಕರು ಬಿರುಕೇ ಇಲ್ಲವೆಂದರು, ನಮ್ಮನ್ನು ಹತ್ತಿರಕ್ಕೂ ಬಿಡಲಿಲ್ಲ. ರಸ್ತೆಯಾಚೆ ಇನ್ನೂರು ಅಡಿ ದೂರದಲ್ಲಿ ನಿಂತು ಸಾಕ್ಷಿಗಾಜಿನಿಂದ ಚಿತ್ರ ತೆಗೆದೆ. ಎಷ್ಟು ತಿರುಗಿಸಿದರೂ ಗೋಡೆ ಸ್ಪಷ್ಟವಾಗಲಿಲ್ಲ. ತನಿಖಾಧಿಕಾರಿ ಶಕುಂತಲಾ ಮೇಟಿ ಅದನ್ನು ಮೂರು ಸಲ ನೋಡಿದರು.

"ಬಿರುಕು ಎಲ್ಲೈತವ್ವ? ನನಗ ಬರೇ ಮಂಜು ಕಾಣತೈತಿ. ಇದನ್ನ ನಂಬಿ ಕೆಲಸ ನಿಲ್ಲಸಂದ್ರ ಹ್ಯಾಂಗ?"

ಮನೆಗೆ ಬಂದು ಲೆನ್ಸಿನ ಪೆಟ್ಟಿಗೆ ತಡಕಿದೆ. ಮುಚ್ಚಳದ ಬಟ್ಟೆಯ ಹಿಂದೆ ನಿಮ್ಮ ಚೀಟಿ ಸಿಕ್ಕಿತು. "ಟೂತ್‌ಪೇಸ್ಟ್ ಹಾಕಿ ತಿಕ್ಕಿದೆ, ಫಳಫಳ ಆಯ್ತು. ಹೊಸ ಕ್ಯಾಮೆರಾಕ್ಕೆ ಕೂರಿಸುವ ಉಂಗುರ ಅಲ್ಲಾಡುತ್ತಿತ್ತು, ಅಂಟು ಹಾಕಿಬಿಟ್ಟೆ. ಉಂಗುರ ಸ್ವಲ್ಪ ದಪ್ಪ, ದೂರದ್ದು ಮಸುಕು. ನನಗೆ ಹೂವಿನ ಚಿತ್ರ ಸಾಕು. ಸುಧೀಂದ್ರ, ೨೦೨೩." ಎಷ್ಟು ಖುಷಿಯಿಂದ ಬರೆದಿದ್ದೀರಿ! ತೆಳು ಉಂಗುರ ಹುಡುಕಲು ಒಂದು ವಾರ ಕಾಯುವ ತಾಳ್ಮೆಯೂ ನಿಮಗಿರಲಿಲ್ಲವೇ? ತಿಕ್ಕಿದ್ದು ಕೊಳೆಯನ್ನಲ್ಲ, ಗಾಜಿನ ಮೇಲಿನ ಲೇಪವನ್ನು. ಅದೂ ನಿಮಗೆ ತಿಳಿಯಲಿಲ್ಲ.

ನನ್ನ ಬಳಿ ತೆಳು ಉಂಗುರವಿತ್ತು. ನಿಮ್ಮದು ಕಳಚಬೇಕಿತ್ತು, ಅಷ್ಟೇ. ಅಂಟು ತಿರುಪಿನ ಎಳೆಗಳೊಳಗೆಲ್ಲ ಇಳಿದು ಕಲ್ಲಾಗಿತ್ತು. ಬಲ ಹಾಕಿದರೆ ಎಳೆಗಳೇ ಕಿತ್ತುಹೋಗುತ್ತವೆ. ಹನಿ ಹನಿ ದ್ರಾವಕ ಬಿಟ್ಟು, ಕಾದು, ಮತ್ತೆ ಬಿಟ್ಟೆ. ಎರಡು ದಿನ ಹೀಗೇ ಕಳೆಯಿತು. ಮೂರನೆಯ ಬೆಳಗ್ಗೆ ತಮ್ಮ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತ.

"ಇವತ್ತ ಹೋಗಬ್ಯಾಡೋ," ಅಂದೆ.

"ಹೋಗ್ದಿದ್ರ ನನ್ನ ಜಾಗಕ್ಕ ಬ್ಯಾರೇದವನ್ನ ನಿಲ್ಲಸ್ತಾರ. ನೀ ಸಾವಕಾಶ ಬಿಚ್ಚಕ್ಕ, ಗಾಜು ಒಡದ್ರ ಇರೋ ಒಂದು ಸಾಕ್ಷೀನೂ ಹೋಗತೈತಿ."

ಗೋಡೆ ಹತ್ತು ಗಂಟೆಗೆ ಕುಸಿಯಿತು. ಉಂಗುರ ಮಧ್ಯಾಹ್ನ ಸಡಿಲವಾಯಿತು. ಸದ್ದು ಕೇಳಿ ಓಡಿದ್ದೆ, ಕಲ್ಲಿನಡಿ ನಾಲ್ವರು ಸತ್ತರು, ತಮ್ಮನೂ ಅವರಲ್ಲೊಬ್ಬ ಎಂದರು, ಒಳಗೆ ಬಿಡಲಿಲ್ಲ. ಮನೆಗೆ ಬಂದು, ಮಾಡಲು ಬೇರೇನೂ ತೋಚದೆ, ಮತ್ತೆ ಲೆನ್ಸ್ ಕೈಗೆತ್ತಿಕೊಂಡಿದ್ದೆ. ಆಗ ಉಂಗುರ ತಾನಾಗಿಯೇ ತಿರುಗಿತು.

ಆ ಸಂಜೆ ಅದೇ ರಸ್ತೆಯಾಚೆ ನಿಂತು ಬಿದ್ದ ಗೋಡೆಯ ಚಿತ್ರ ತೆಗೆದೆ. ನೀವು ತಿಕ್ಕಿದ ಅಂಚಿನಲ್ಲಿ ಮಂಕಿದೆ, ನಡುವೆ ಪ್ರತಿಯೊಂದು ಕಲ್ಲೂ ಕಾಣುತ್ತದೆ, ಬಿರುಕಿನ ಹಳೆಯ ಕಪ್ಪು ಅಂಚೂ ಕಾಣುತ್ತದೆ. ಕ್ವಾರಿಗೆ ಬೀಗ ಬಿತ್ತು. ಅವ್ವ ಆ ಚಿತ್ರವನ್ನು ಬಹಳ ಹೊತ್ತು ಹಿಡಿದಿದ್ದಳು.

"ಭಾಳ ಸ್ವಚ್ಛ ಬಂದೈತಿ. ಇನ್ನ ಯಾರಿಗೆ ಬೇಕವ್ವ ಇದು?" ಅಂದಳು.

 ಅವ್ವನ ಈ ಪ್ರಶ್ನೆಗೆ ನೀವೇ ಉತ್ತರ ಹೇಳಿ.

ನಿಮ್ಮ ಕಪಾಟಿನಲ್ಲಿ ಇನ್ನೊಂದು ಹಳೆಯ ಲೆನ್ಸ್ ಇದ್ದರೆ ಮುಟ್ಟಬೇಡಿ. ಧೂಳು ಕೂರಲಿ, ಬೂಷ್ಟು ಹಬ್ಬಲಿ. ಬೂಷ್ಟನ್ನು ನಾವು ತೆಗೆಯಬಲ್ಲೆವು. ಒಳ್ಳೆಯದಾಗಲಿ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ.

ನಿಂಗವ್ವ